ರೆಕ್ಕೆಗೆ ಕೊಳವೆ ಕಟ್ಟಿಕೊಂಡ ಆ ಪುಟ್ಟ ವಿಮಾನ ನೆಲ್ಯಹುದಿಕೇರಿಯನ್ನು ಮುಳುಗಿಸಿತೇ?

ಆಗಸ್ಟ್ ತಿಂಗಳು ಬಂತೆಂದರೆ ಕೊಡಗಿನ ವಾಟ್ಸ್‌ಆ್ಯಪ್ ಗ್ರೂಪ್‌ಗಳಿಗೆ ಮಳೆಯ ಜೊತೆ ಒಂದು ವಿಮಾನವೂ ಬರುತ್ತದೆ. ಬಿಳಿ ಬಣ್ಣದ ಚಿಕ್ಕ ವಿಮಾನ. ಎರಡು ರೆಕ್ಕೆಗೆ ಎರಡು ಫ್ಯಾನು. ರೆಕ್ಕೆಯ ಹಿಂಬದಿಯಲ್ಲಿ ಸಾಲಾಗಿ ಜೋಡಿಸಿದ ಕೊಳವೆಗಳು. ಕೆಲವು ಚಿತ್ರಗಳಲ್ಲಿ ಆ ಕೊಳವೆಗಳಿಂದ ಹೊಗೆಯೂ ಬರುತ್ತಿರುತ್ತದೆ. ಕೆಳಗಿನ ಬರಹದ ಸಾರ ಹೆಚ್ಚುಕಡಿಮೆ ಒಂದೇ: ಮಳೆ ತಾನಾಗಿ ಬಂದದ್ದಲ್ಲ, ಈ ವಿಮಾನ ಮೋಡಕ್ಕೆ ರಾಸಾಯನಿಕ ಹಾಕಿ ತರಿಸಿದ್ದು, ಇದು ಮಿಲಿಟರಿ ವಿಮಾನ, ಎಲ್ಲರಿಗೂ ಕಳಿಸಿ.

ಈ ಫಾರ್ವರ್ಡ್ ಬೇರೆ ಊರಿನವರಿಗೆ ಬರೀ ಕುತೂಹಲ. ನೆಲ್ಯಹುದಿಕೇರಿಯವರಿಗೆ ಹಾಗಲ್ಲ. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿದಾಗ ಇಲ್ಲಿನ ಬೆಟ್ಟದಕಾಡು, ಕುಂಬಾರಗುಂಡಿ, ಬರಡಿಯ ಹೊಳೆಬದಿಯ ಮನೆಗಳು ನೀರಿಗೆ ಕುಸಿದವು. ಆಚೆ ದಡದ ಸಿದ್ದಾಪುರದ ಕಡೆ ಕರಡಿಗೋಡು, ಗುಹ್ಯದಲ್ಲೂ ಅದೇ ಕಥೆ. ತೋಟದ ಕೂಲಿ ಮಾಡಿ ಸಿಮೆಂಟು, ಇಟ್ಟಿಗೆ ಒಂದೊಂದಾಗಿ ತಂದು ಕಟ್ಟಿದ ಮನೆಗಳು ಅವು. ಅಂಥ ಮನೆ ಕಳೆದುಕೊಂಡವರಿಗೆ ಯಾರೋ ಫೋನಿನಲ್ಲಿ 'ನಿಮ್ಮ ಮನೆ ಬೀಳಿಸಿದ್ದು ಈ ವಿಮಾನ' ಎಂದು ಚಿತ್ರ ತೋರಿಸಿದರೆ ನಂಬಬಾರದು ಎಂದು ಹೇಳುವುದು ಸುಲಭವಲ್ಲ. ಹಾಗಾಗಿ ನಂಬಬೇಡಿ ಎಂದಷ್ಟೇ ಹೇಳಿ ಮುಗಿಸದೆ, ಆ ವಿಮಾನದ ಪೂರ್ವಾಪರ ನೋಡೋಣ.

ಮೊದಲಿಗೆ, ಫಾರ್ವರ್ಡ್‌ನಲ್ಲಿ ಇರುವ ನಿಜವನ್ನು ಒಪ್ಪಿಕೊಳ್ಳಬೇಕು. ಅಂಥ ವಿಮಾನ ಇದೆ. ಅದರ ಕೆಲಸ ಮೋಡ ಬಿತ್ತನೆ. ಕರ್ನಾಟಕದಲ್ಲಿ ಅದು ಹಾರಿದೆ. ರಾಜ್ಯ ಸರ್ಕಾರ 'ವರ್ಷಧಾರೆ' ಎಂಬ ಹೆಸರಿನಲ್ಲಿ 2017ರ ಆಗಸ್ಟ್ 21ರಂದು ಬೆಂಗಳೂರಿನ ಜಕ್ಕೂರು ವಾಯುನೆಲೆಯಿಂದ ಮೋಡ ಬಿತ್ತನೆ ಆರಂಭಿಸಿತು. 2019ರ ಮುಂಗಾರಿಗೂ ಅದೇ ಯೋಜನೆಯನ್ನು ಮತ್ತೆ ಕೈಗೆತ್ತಿಕೊಂಡಿತು. ಅದೇ ಮುಂಗಾರಿನಲ್ಲಿ ನೆರೆ ಬಂತು. ಎರಡೂ ಒಂದೇ ಕಾಲಕ್ಕೆ ಸುದ್ದಿಯಾದದ್ದರಿಂದ ಒಂದು ಇನ್ನೊಂದಕ್ಕೆ ಕಾರಣವೆಂದು ಅನ್ನಿಸುವುದು ಸಹಜ. ಸುಳ್ಳು ಸುದ್ದಿಗಳ ಪೈಕಿ ಗಟ್ಟಿಯಾಗಿ ಬಾಳುವುದು ಪೂರ್ತಿ ಸುಳ್ಳಲ್ಲ. ಮುಕ್ಕಾಲು ನಿಜದ ಮೇಲೆ ಕಾಲು ಸುಳ್ಳು ಕೂರಿಸಿದ ಸುದ್ದಿ ಹೆಚ್ಚು ಕಾಲ ಬಾಳುತ್ತದೆ.

ಈ ವಿಮಾನ ಯಾವುದು?

ಜಗತ್ತಿನಲ್ಲಿ ಮೋಡ ಬಿತ್ತನೆಗೆ ಬಹಳವಾಗಿ ಬಳಕೆಯಲ್ಲಿರುವುದು ಅಮೆರಿಕದ ಬೀಚ್‌ಕ್ರಾಫ್ಟ್ ಕಂಪನಿಯ ಕಿಂಗ್ ಏರ್ ಕುಟುಂಬದ ವಿಮಾನಗಳು. ಈ ಹೆಸರಿನ ಮೊದಲ ವಿಮಾನ ಹಾರಿದ್ದು 1964ರಲ್ಲಿ. ಇವತ್ತು ಹೆಚ್ಚಾಗಿ ಕಾಣುವ 200 ಸರಣಿಯ ಮಾದರಿ ಮೊದಲು ಹಾರಿದ್ದು 1972ರಲ್ಲಿ. ಅದರಲ್ಲಿ ಬಿ200 ಎಂಬುದರ ಗರಿಷ್ಠ ತೂಕ ಇಂಧನ, ಜನ, ಸಾಮಾನು ಎಲ್ಲ ಸೇರಿ 5,670 ಕಿಲೋ. ಅಂದರೆ ಕಾಫಿ ಮೂಟೆ ತುಂಬಿದ ಒಂದು ಸಾಧಾರಣ ಲಾರಿಗಿಂತ ಹಗುರ. 5,700 ಕಿಲೋ ಎಂಬ ಗೆರೆ ವಿಮಾನಯಾನ ನಿಯಮಗಳಲ್ಲಿ ಮುಖ್ಯವಾದದ್ದು. ಅದರೊಳಗಿದ್ದರೆ ಹಗುರ, ದಾಟಿದರೆ ಪೈಲಟ್‌ನ ಪರವಾನಗಿಯಿಂದ ಹಿಡಿದು ದುರಸ್ತಿಯ ತನಕ ಬಿಗಿಯಾದ ಬೇರೆ ನಿಯಮಗಳು. ಬಿ200 ಆ ಗೆರೆಯೊಳಗೆ ನಿಲ್ಲುವ ವಿಮಾನ.

ಎರಡು ಎಂಜಿನ್ ಏಕೆ? ಒಂದು ಕೆಟ್ಟರೆ ಇನ್ನೊಂದಿದೆ ಎಂಬ ಧೈರ್ಯಕ್ಕೆ. ಸಮುದ್ರದ ಮೇಲೆ, ಕಾಡಿನ ಮೇಲೆ, ರಾತ್ರಿ, ಮೋಡದೊಳಗೆ ಹಾರಬೇಕಾದವರಿಗೆ ಈ ಧೈರ್ಯ ಬೇಕು. ಆದರೆ ಎರಡು ಎಂಜಿನ್ ಇದ್ದರೆ ಅಪಾಯ ಅರ್ಧವಾಗುತ್ತದೆ ಎಂದು ತಿಳಿಯಬೇಡಿ. ಬಲಗಡೆಯ ಎಂಜಿನ್ ನಿಂತರೆ ಎಡಗಡೆಯದು ಮಾತ್ರ ಎಳೆಯುತ್ತದೆ, ವಿಮಾನ ಬಲಕ್ಕೆ ತಿರುಗತೊಡಗುತ್ತದೆ. ಜೋಡೆತ್ತಿನ ಗಾಡಿಯಲ್ಲಿ ಒಂದು ಎತ್ತು ಮಲಗಿದರೆ ಏನಾಗುತ್ತದೋ ಹಾಗೆ. ವೇಗ ಕಡಿಮೆ ಇದ್ದಾಗ ಹೀಗಾದರೆ ವಿಮಾನವನ್ನು ನೇರವಾಗಿ ಹಿಡಿಯುವುದೇ ಕಷ್ಟ. ಆ ಕೆಲವೇ ಸೆಕೆಂಡುಗಳಿಗಾಗಿ ಪೈಲಟ್‌ಗಳು ಮತ್ತೆ ಮತ್ತೆ ತರಬೇತಿ ಪಡೆಯುತ್ತಾರೆ.

ಈ ಪಾಠ ಕರ್ನಾಟಕಕ್ಕೆ ಬಹಳ ದುಬಾರಿಯಾಗಿ ಬಿದ್ದಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಜನರ ಬಾಯಲ್ಲಿ ಎನ್‌ಎಎಲ್, ನಮ್ಮದೇ ಎರಡು ಎಂಜಿನ್‌ನ ಹಗುರ ವಿಮಾನವೊಂದನ್ನು ರೂಪಿಸಿತು. ಹೆಸರು ಸಾರಸ್. ಮೊದಲ ಹಾರಾಟ 2004ರ ಮೇ 29ರಂದು, ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ. ಬೇರೆ ವಿಮಾನಗಳಲ್ಲಿ ರೆಕ್ಕೆಯ ಮುಂದೆ ಇರುವ ಫ್ಯಾನು ಇದರಲ್ಲಿ ಹಿಂಭಾಗದಲ್ಲಿತ್ತು. ಎಳೆಯುವುದರ ಬದಲು ಹಿಂದಿನಿಂದ ತಳ್ಳುತ್ತಿತ್ತು. 2009ರ ಮಾರ್ಚ್ 6ರಂದು ಇದರ ಎರಡನೇ ಮಾದರಿ ಪರೀಕ್ಷಾ ಹಾರಾಟದಲ್ಲಿದ್ದಾಗ ಬಿಡದಿಯ ಬಳಿ ನೆಲಕ್ಕೆ ಬಿತ್ತು. ಗಾಳಿಯಲ್ಲಿರುವಾಗಲೇ ಒಂದು ಎಂಜಿನ್ ನಿಲ್ಲಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ಅದು. ಮತ್ತೆ ಹೊತ್ತಿಸಲು ರೂಪಿಸಿದ್ದ ವಿಧಾನವೇ ಸರಿಯಿರಲಿಲ್ಲ, ಅದನ್ನು ಪ್ರಯತ್ನಿಸಿದ ಎತ್ತರವೂ ಸಾಲಲಿಲ್ಲ ಎಂದು ತನಿಖೆ ಹೇಳಿತು. ವಾಯುಪಡೆಯ ಮೂವರು ಅಧಿಕಾರಿಗಳು ತೀರಿಕೊಂಡರು: ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ. ಯೋಜನೆ ವರ್ಷಗಟ್ಟಲೆ ಮಲಗಿತು. 2018ರ ಜನವರಿ 24ರಂದು ಸುಧಾರಿಸಿದ ಸಾರಸ್ ಮತ್ತೆ ಹಾರಿತು. ಈಗ 19 ಆಸನದ ಮುಂದಿನ ಮಾದರಿಯ ಕೆಲಸ ನಡೆಯುತ್ತಿದೆ. ಅದರ ನಿರೀಕ್ಷಿತ ಗಿರಾಕಿಗಳು ಇಬ್ಬರು: ವಾಯುಪಡೆ ಮತ್ತು ಸಣ್ಣ ಊರುಗಳಿಗೆ ಹಾರುವ ಪ್ರಯಾಣಿಕ ಸೇವೆ.

ಒಂದೇ ಒಡಲು, ಹತ್ತು ಕೆಲಸ

ಈ 'ಇಬ್ಬರು ಗಿರಾಕಿಗಳು' ಎಂಬ ಮಾತಿನಲ್ಲೇ ನಮ್ಮ ಫಾರ್ವರ್ಡ್‌ನ ಗೊಂದಲದ ಬೇರು ಇದೆ. ಎರಡು ಎಂಜಿನ್‌ನ ಹಗುರ ವಿಮಾನ ಎಂದರೆ ಆಕಾಶದ ಜೀಪು. ಜೀಪನ್ನು ಮದುವೆ ದಿಬ್ಬಣಕ್ಕೂ ಬಳಸಬಹುದು, ಅರಣ್ಯ ಇಲಾಖೆಯ ಗಸ್ತಿಗೂ ಬಳಸಬಹುದು, ಸೈನ್ಯಕ್ಕೂ ಕೊಡಬಹುದು. ಒಳಗಿನ ಸೀಟು ಕಿತ್ತು ಸ್ಟ್ರೆಚರ್ ಇಟ್ಟರೆ ಕಿಂಗ್ ಏರ್ ಆಂಬುಲೆನ್ಸ್. ಚರ್ಮದ ಸೀಟು ಹಾಕಿದರೆ ಮಂತ್ರಿಗಳ ವಿಮಾನ. ಕ್ಯಾಮೆರಾ ಕೂರಿಸಿದರೆ ಭೂಮಾಪನಕ್ಕೆ. ಇನ್ನೂ ಬಲವಾದ ಕ್ಯಾಮೆರಾ, ರೇಡಿಯೊ ಕದ್ದು ಕೇಳುವ ಉಪಕರಣ ಕೂರಿಸಿದರೆ ಬೇಹುಗಾರಿಕೆಗೆ. ಅಮೆರಿಕದ ವಾಯುಪಡೆ 2009ರಿಂದ ಇರಾಕ್, ಅಫ್ಗಾನಿಸ್ತಾನದಲ್ಲಿ ಬಳಸಿದ ಎಂಸಿ-12 ಎಂಬ ಕಣ್ಗಾವಲು ವಿಮಾನ ಮೂಲತಃ ಕಿಂಗ್ ಏರ್ 350. ನಮ್ಮ ಗಡಿ ಭದ್ರತಾ ಪಡೆಯಲ್ಲೂ ಕಿಂಗ್ ಏರ್ ಇತ್ತು. 2015ರ ಡಿಸೆಂಬರ್ 22ರಂದು ದೆಹಲಿಯ ದ್ವಾರಕಾ ಬಳಿ ಬಿದ್ದು ಹತ್ತು ಮಂದಿ ಸತ್ತ ವಿಮಾನ ಅದೇ. ಕೆಟ್ಟ ಹೆಲಿಕಾಪ್ಟರ್ ರಿಪೇರಿ ಮಾಡಲು ರಾಂಚಿಗೆ ಹೊರಟಿದ್ದ ತಂತ್ರಜ್ಞರು ಅದರಲ್ಲಿದ್ದರು. 2001ರ ಸೆಪ್ಟೆಂಬರ್ 30ರಂದು ಮಾಧವರಾವ್ ಸಿಂಧಿಯಾ ಪ್ರಾಣ ಕಳೆದುಕೊಂಡದ್ದು ಖಾಸಗಿ ಕಿಂಗ್ ಏರ್‌ನಲ್ಲಿ. ಒಂದು ಕಡೆ ಗಡಿ ಪಡೆ, ಇನ್ನೊಂದು ಕಡೆ ರಾಜಕಾರಣಿ, ವಿಮಾನದ ಕುಟುಂಬ ಒಂದೇ.

ಕೊಡಗಿನವರಿಗೆ ಇನ್ನೂ ಹತ್ತಿರದ ಉದಾಹರಣೆ ಡಾರ್ನಿಯರ್ 228. ಜರ್ಮನಿಯ ಈ ವಿಮಾನವನ್ನು ಎಚ್‌ಎಎಲ್ 1980ರ ದಶಕದಿಂದ ಕಾನ್ಪುರದಲ್ಲಿ ಕಟ್ಟುತ್ತಿದೆ. 5,700 ಕಿಲೋ ಗೆರೆಯನ್ನು ತುಸು ಮೀರುವುದರಿಂದ ಕಟ್ಟುನಿಟ್ಟಾಗಿ ನೋಡಿದರೆ ಇದು 'ಹಗುರ' ಅಲ್ಲ, ಆದರೆ ಗಾತ್ರ, ಕೆಲಸ ಎರಡರಲ್ಲೂ ಅದೇ ಜಾತಿ. ಕರಾವಳಿ ಕಾವಲು ಪಡೆ, ನೌಕಾಪಡೆ, ವಾಯುಪಡೆ ಮೂರರಲ್ಲೂ ಇದೆ. ಮಲಬಾರ್, ಕರಾವಳಿಯ ಮೀನುಗಾರರ ದೋಣಿ ಕಾಣೆಯಾದಾಗ ಹುಡುಕಲು ಹೋಗುವುದು ಇದೇ. ಕಡಲಿಗೆ ತೈಲ ಚೆಲ್ಲಿದರೆ ಅದನ್ನು ಒಡೆಯುವ ದ್ರಾವಣ ಸಿಂಪಡಿಸಲೂ ಇದೇ ವಿಮಾನ. 2019ರ ಡಿಸೆಂಬರ್‌ನಲ್ಲಿ ನೌಕಾಪಡೆಯ ಮೊದಲ ಮಹಿಳಾ ಪೈಲಟ್ ಆದ ಲೆಫ್ಟಿನೆಂಟ್ ಶಿವಾಂಗಿ ಕೊಚ್ಚಿಯಲ್ಲಿ ಸೇರಿದ್ದು ಡಾರ್ನಿಯರ್ ಹಾರಿಸಲು. 2022ರ ಏಪ್ರಿಲ್ 12ರಂದು ಅದೇ ಮಾದರಿ ಸಾಮಾನ್ಯ ಪ್ರಯಾಣಿಕರನ್ನು ಕೂರಿಸಿಕೊಂಡು ಅಸ್ಸಾಮಿನ ದಿಬ್ರುಗಢದಿಂದ ಅರುಣಾಚಲದ ಪಾಸಿಘಾಟ್‌ಗೆ ಹಾರಿತು. ಟಿಕೆಟ್ ತೆಗೆದು ಯಾರು ಬೇಕಾದರೂ ಹತ್ತಬಹುದಿತ್ತು.

ಹೀಗಿರುವಾಗ ಚಿತ್ರ ನೋಡಿ 'ಇದು ಮಿಲಿಟರಿ ವಿಮಾನ' ಎಂದು ಹೇಳುವುದು ಬೊಲೆರೊ ನೋಡಿ 'ಇದು ಪೊಲೀಸ್ ಗಾಡಿ' ಎಂದಂತೆ. ನೌಕಾಪಡೆಯ ಡಾರ್ನಿಯರ್‌ನ ಹೊಟ್ಟೆಯ ಕೆಳಗೆ ದೊಡ್ಡ ಉಬ್ಬು ಇರುತ್ತದೆ. ಅದು ಬಾಂಬ್ ಅಲ್ಲ, ಹಡಗು ಹುಡುಕುವ ರೇಡಾರ್. ಮೋಡ ಬಿತ್ತನೆಯ ವಿಮಾನದ ರೆಕ್ಕೆಯ ಕೊಳವೆಗಳು ಕ್ಷಿಪಣಿಯಂತೆ ಕಾಣುತ್ತವೆ. ಅವು ಉಪ್ಪಿನ ಕೊಳವೆಗಳು. ಕೊಡಗಿನ ಯಾವ ಗ್ರೂಪ್ ತೆಗೆದರೂ ಒಬ್ಬರಾದರೂ ನಿವೃತ್ತ ಯೋಧರು ಇರುತ್ತಾರೆ. ಫಾರ್ವರ್ಡ್ ಬಟನ್ ಒತ್ತುವ ಮೊದಲು ಅವರನ್ನು ಒಂದು ಮಾತು ಕೇಳಿದರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ಕೊಳವೆಯಲ್ಲಿ ಏನಿದೆ?

ಅವನ್ನು ಫ್ಲೇರ್ ಎನ್ನುತ್ತಾರೆ. ಒಂದೊಂದು ಹೆಚ್ಚುಕಡಿಮೆ ಒಂದು ಕಿಲೋ ತೂಗುತ್ತದೆ. ರೆಕ್ಕೆಗೆ ಹನ್ನೆರಡರಂತೆ ಎರಡು ರೆಕ್ಕೆಗೆ ಇಪ್ಪತ್ತನಾಲ್ಕು ಇರುವುದು ಸಾಮಾನ್ಯ. ಪೈಲಟ್ ಮೋಡದ ಬುಡಕ್ಕೆ ಹೋಗಿ ಒಂದೊಂದನ್ನೇ ಹೊತ್ತಿಸುತ್ತಾನೆ. ಹೊಗೆಯ ಜೊತೆ ಬಹಳ ಸಣ್ಣ ಉಪ್ಪಿನ ಕಣಗಳು ಹೊರಬರುತ್ತವೆ. ಹೆಚ್ಚಾಗಿ ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸೋಡಿಯಂನ ಕ್ಲೋರೈಡ್‌ಗಳು. ಮೇಲೇಳುವ ಗಾಳಿ ಅವನ್ನು ಮೋಡದೊಳಕ್ಕೆ ಒಯ್ಯುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ತೆರೆದಿಟ್ಟರೆ ಅದು ಹೇಗೆ ನೀರು ಹೀರಿ ಒದ್ದೆಯಾಗುತ್ತದೋ ಹಾಗೆ, ಈ ಕಣಗಳು ತೇವ ಹೀರಿ ದಪ್ಪ ಹನಿಯಾಗುತ್ತವೆ. ದಪ್ಪ ಹನಿ ಸಣ್ಣ ಹನಿಗಳನ್ನು ಕೂಡಿಕೊಂಡು ಕೆಳಗೆ ಬೀಳುತ್ತದೆ. ತುಂಬಾ ಎತ್ತರದ, ಶೂನ್ಯಕ್ಕಿಂತ ತಣ್ಣಗಿನ ಮೋಡವಾದರೆ ಸಿಲ್ವರ್ ಅಯೊಡೈಡ್ ಬಳಸುತ್ತಾರೆ. ಅದರ ಹರಳಿನ ರಚನೆ ಮಂಜುಗಡ್ಡೆಯನ್ನು ಹೋಲುವುದರಿಂದ ನೀರು ಅದರ ಸುತ್ತ ಹೆಪ್ಪುಗಟ್ಟುತ್ತದೆ. 1946ರಲ್ಲಿ ಅಮೆರಿಕದ ಬರ್ನಾರ್ಡ್ ವಾನೆಗಟ್ ಕಂಡುಕೊಂಡ ಉಪಾಯ ಇದು.

ಇಲ್ಲಿ ಗಮನಿಸಬೇಕಾದ್ದು, ವಿಮಾನ ಮೋಡವನ್ನು ಮಾಡುವುದಿಲ್ಲ. ಆಗಲೇ ಇರುವ, ತೇವ ತುಂಬಿದ, ಆದರೆ ಸುರಿಯಲು ತಡಮಾಡುತ್ತಿರುವ ಮೋಡವನ್ನು ಹುಡುಕಿಕೊಂಡು ಹೋಗಬೇಕು. ಮೋಡದಲ್ಲಿ ತೇವ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೆಹಲಿ ಸಾಕ್ಷಿ. 2025ರ ಅಕ್ಟೋಬರ್ 28ರಂದು ಹೊಗೆ ತೊಳೆಯಲೆಂದು ಐಐಟಿ ಕಾನ್ಪುರದ ವಿಮಾನ ದೆಹಲಿಯ ಮೇಲೆ ಫ್ಲೇರ್ ಉರಿಸಿತು. ಮೋಡದಲ್ಲಿ ತೇವ ತೀರಾ ಕಡಿಮೆ ಇತ್ತು. ನಗರಕ್ಕೆ ಮಳೆ ಎನ್ನುವಂಥದ್ದು ಬರಲಿಲ್ಲ.

ತೇವ ಇದ್ದಾಗ ಎಷ್ಟು ಸಿಗುತ್ತದೆ? ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆ 2018 ಮತ್ತು 2019ರ ಮುಂಗಾರಿನಲ್ಲಿ ಮಳೆ ನೆರಳಿನ ಸೊಲ್ಲಾಪುರದಲ್ಲಿ ಇದನ್ನೇ ಅಳೆಯಿತು. 276 ಮೋಡಗಳನ್ನು ಆರಿಸಿ, ಕೆಲವಕ್ಕೆ ಬಿತ್ತನೆ ಮಾಡಿ, ಕೆಲವನ್ನು ಹಾಗೇ ಬಿಟ್ಟು ಹೋಲಿಸಿತು. ಸುಮಾರು 100 ಚದರ ಕಿಲೋಮೀಟರ್ ಪ್ರದೇಶದಲ್ಲಿ ಸರಾಸರಿ ಶೇ 18ರಷ್ಟು ಹೆಚ್ಚು ಮಳೆ ಎಂಬುದು ಅದರ ಲೆಕ್ಕ. ಹತ್ತು ಮಿಲಿಮೀಟರ್ ಬರುವ ಕಡೆ ಸುಮಾರು ಹನ್ನೆರಡು ಎಂದಿಟ್ಟುಕೊಳ್ಳಿ. ಬರದ ನಾಡಿನ ಜೋಳಕ್ಕೆ ಅದು ಉಪಕಾರವೇ. ಆದರೂ ಬೀಳುವ ಮಳೆಯಲ್ಲಿ ಬಿತ್ತನೆಯ ಪಾಲೆಷ್ಟು, ತಾನಾಗಿ ಬರಬೇಕಿದ್ದದ್ದೆಷ್ಟು ಎಂದು ಬೇರ್ಪಡಿಸುವುದು ಬಹಳ ಕಷ್ಟ. ಕೋಟಿಗಟ್ಟಲೆ ಖರ್ಚಿಗೆ ತಕ್ಕ ಲಾಭ ಇದೆಯೇ ಎಂಬ ಜಗಳ ವಿಜ್ಞಾನಿಗಳಲ್ಲೇ ಮುಗಿದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮೋಡ ಬಿತ್ತನೆಯ ಬಗ್ಗೆ ಕೇಳಬೇಕಾದ ಗಟ್ಟಿ ಪ್ರಶ್ನೆ ಅದೇ. ನೆರೆ ತರಿಸಿತೇ ಎನ್ನುವುದಕ್ಕಿಂತ, ದುಡ್ಡಿಗೆ ತಕ್ಕ ಮಳೆ ತರಿಸಿತೇ ಎಂದು ಕೇಳಬೇಕು.

ಈಗ ಕೊಡಗಿನ ಲೆಕ್ಕ

ಒಂದು ಚದರ ಕಿಲೋಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಟನ್ ನೀರು. ಕೊಡಗಿನ ವಿಸ್ತೀರ್ಣ 4,102 ಚದರ ಕಿಲೋಮೀಟರ್. ಜಿಲ್ಲೆಯಾದ್ಯಂತ 100 ಮಿಲಿಮೀಟರ್ ಬಿದ್ದರೆ, ಭಾಗಮಂಡಲದ ಕಡೆ ಜೋರು ಮಳೆಗಾಲದ ಒಂದೇ ದಿನದಲ್ಲಿ ಇದಕ್ಕಿಂತ ಹೆಚ್ಚು ಬೀಳುವುದುಂಟು, 41 ಕೋಟಿ ಟನ್ ನೀರಾಗುತ್ತದೆ. ಪತ್ರಿಕೆಯ ಭಾಷೆಯಲ್ಲಿ 14 ಟಿಎಂಸಿಗೂ ಮೇಲೆ. ಹಾರಂಗಿ ಜಲಾಶಯದ ಒಟ್ಟು ಸಾಮರ್ಥ್ಯ 8.5 ಟಿಎಂಸಿ. ಒಂದೇ ದಿನದ ಮಳೆ ಹಾರಂಗಿಯನ್ನು ಒಂದೂವರೆ ಸಲಕ್ಕಿಂತ ಹೆಚ್ಚು ತುಂಬಿಸುವಷ್ಟು. ಇದರ ಎದುರು ವಿಮಾನದಲ್ಲಿರುವುದು 24 ಕಿಲೋ ಫ್ಲೇರ್.

'ವಿಮಾನ ನೀರು ಹೊತ್ತು ತರುವುದಿಲ್ಲ, ಮೋಡವನ್ನು ಪ್ರಚೋದಿಸುತ್ತದೆ ತಾನೇ' ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಶಕ್ತಿಯ ಲೆಕ್ಕ ಹಾಕಿ ನೋಡಿ. ಆವಿ ತಣಿದು ನೀರಾಗುವಾಗ ಶಾಖ ಹೊರಬರುತ್ತದೆ. ಒಂದು ಚದರ ಕಿಲೋಮೀಟರ್‌ಗೆ ಒಂದು ಮಿಲಿಮೀಟರ್ ಮಳೆಯಾಗುವಾಗ ಹೀಗೆ ಹೊರಬರುವ ಶಕ್ತಿ ಸುಮಾರು ಏಳು ಲಕ್ಷ ಯೂನಿಟ್ ಕರೆಂಟಿಗೆ ಸಮ. ನಿಮ್ಮ ಮನೆಯ ತಿಂಗಳ ಬಿಲ್ಲಿನಲ್ಲಿರುವ ಅದೇ ಯೂನಿಟ್. ಅದನ್ನು ನೂರು ಮಿಲಿಮೀಟರ್‌ಗೆ, ಮತ್ತೆ 4,102 ಚದರ ಕಿಲೋಮೀಟರ್‌ಗೆ ಗುಣಿಸಿ. ಇಷ್ಟು ಶಕ್ತಿಯನ್ನು ನಡೆಸುವುದು ಅರಬ್ಬಿ ಸಮುದ್ರ ಮತ್ತು ನೈಋತ್ಯ ಮಾರುತ. ಆ ಗಾಳಿ ಪಶ್ಚಿಮ ಘಟ್ಟಕ್ಕೆ ಬಡಿದು ಮೇಲಕ್ಕೇರಿ ತಣಿದು ಸುರಿಯುತ್ತದೆ. ಕೊಡಗಿನ ಮುಂಗಾರು ಮೋಡಕ್ಕೆ ಸುರಿಯಲು ಯಾರ ಪ್ರಚೋದನೆಯೂ ಬೇಕಿಲ್ಲ. ಬಿತ್ತನೆ ಮಾಡುವವರು ಹುಡುಕುವುದು ಘಟ್ಟದ ಪೂರ್ವಕ್ಕೆ, ಮಳೆ ನೆರಳಿನ ಬಯಲಿನಲ್ಲಿ ಮಳೆ ಕೊಡದೆ ತೇಲುವ ಮೋಡಗಳನ್ನು. ಭಾರೀ ಮಳೆಯಲ್ಲಿ, ಗುಡ್ಡಗಳು ಮಂಜಿನಲ್ಲಿ ಕಾಣದಿರುವಾಗ, ಮೋಡದ ಬುಡದಲ್ಲಿ ಆರು ಟನ್ನಿನೊಳಗಿನ ವಿಮಾನ ಹಾರಿಸುವುದು ಪೈಲಟ್‌ಗೆ ಆತ್ಮಹತ್ಯೆಗೆ ಸಮ.

ಇನ್ನೊಂದು ಪರೀಕ್ಷೆ ಭೂಪಟದ್ದು. 2019ರ ಆಗಸ್ಟ್‌ನ ಅದೇ ವಾರ ಎಲ್ಲೆಲ್ಲಿ ನೀರು ನುಗ್ಗಿತು? ಮಹಾರಾಷ್ಟ್ರದ ಸಾಂಗ್ಲಿ, ಕೊಲ್ಹಾಪುರ. ನಮ್ಮ ಬೆಳಗಾವಿ. ಕೇರಳದಲ್ಲಿ ಆಗಸ್ಟ್ 8ರಂದು ವಯನಾಡಿನ ಪುತ್ತುಮಲ, ಮಲಪ್ಪುರದ ಕವಳಪ್ಪಾರ ಎರಡೂ ಕಡೆ ಗುಡ್ಡ ಕುಸಿದು ಊರಿಗೆ ಊರೇ ಮಣ್ಣಾಯಿತು. ನೆಲ್ಯಹುದಿಕೇರಿಯ ಎಷ್ಟೋ ಮನೆಯವರಿಗೆ ಆ ಊರುಗಳಲ್ಲಿ ನೆಂಟರಿದ್ದಾರೆ, ಅವರಿಗೆ ಇದನ್ನು ನಾನು ಹೇಳಬೇಕಿಲ್ಲ. ನೂರಾರು ಕಿಲೋಮೀಟರ್ ಉದ್ದದ ಘಟ್ಟದ ಸಾಲಿನ ಮೇಲೆ ಒಟ್ಟಿಗೆ ಸುರಿದ ಮಳೆಯನ್ನು ಒಂದೆರಡು ವಿಮಾನಕ್ಕೆ ಕಟ್ಟಲು ಬರುವುದಿಲ್ಲ. ಇನ್ನು ಕಾವೇರಿಯ ಇತಿಹಾಸದ ದೊಡ್ಡ ನೆರೆಗಳಲ್ಲೊಂದು ಬಂದದ್ದು 1924ರ ಜುಲೈಯಲ್ಲಿ. ಆಗ ಮೋಡ ಬಿತ್ತನೆ ಎಂಬುದನ್ನು ಯಾರೂ ಕಂಡುಹಿಡಿದಿರಲಿಲ್ಲ.

ಗಲ್ಫ್‌ನಿಂದ ಬಂದ ವಿಡಿಯೊ

2024ರ ಏಪ್ರಿಲ್‌ನಲ್ಲಿ ದುಬೈ ಮುಳುಗಿದಾಗ ಈ ಹಳೆಯ ಫಾರ್ವರ್ಡ್‌ಗೆ ಹೊಸ ಜೀವ ಬಂತು. ಅಲ್ಲಿರುವ ಅಣ್ಣಂದಿರು, ಮಾವಂದಿರು ಕಳಿಸಿದ ವಿಡಿಯೊಗಳ ಜೊತೆ ಅದೇ ಕಿಂಗ್ ಏರ್ ಚಿತ್ರವೂ ಬಂತು. ಅಲ್ಲೂ ಅರ್ಧ ನಿಜ ಇತ್ತು: ಸಂಯುಕ್ತ ಅರಬ್ ಸಂಸ್ಥಾನ ವರ್ಷಗಳಿಂದ ಕಿಂಗ್ ಏರ್ ಬಳಸಿ ಮೋಡ ಬಿತ್ತನೆ ಮಾಡುತ್ತಿದೆ. ಆ ಬಿರುಗಾಳಿ ಮಳೆಯ ಸಮಯದಲ್ಲಿ ಬಿತ್ತನೆ ಮಾಡಿಲ್ಲ ಎಂದು ಅಲ್ಲಿನ ರಾಷ್ಟ್ರೀಯ ಹವಾಮಾನ ಕೇಂದ್ರ ಹೇಳಿತು. ಅವರ ಮಾತನ್ನು ನಂಬದಿದ್ದರೂ ಸರಿ, ಒಮಾನ್‌ನಲ್ಲಿ ಅದಕ್ಕೂ ಮೊದಲೇ ಅದೇ ಮಾರುತ ಜನರನ್ನು ಬಲಿ ತೆಗೆದುಕೊಂಡಿತ್ತು. ಇಷ್ಟು ದೊಡ್ಡ ಮಳೆ ಬರಲಿದೆ ಎಂದು ಮುನ್ಸೂಚನೆಗಳು ದಿನಗಳ ಮೊದಲೇ ಹೇಳಿದ್ದವು. ಯಾರೋ ಮುಂದೆ ಹಾರಿಸಲಿರುವ ವಿಮಾನವನ್ನು ಮುನ್ಸೂಚನೆ ಹೇಗೆ ತಿಳಿದೀತು?

ಮಿಲಿಟರಿಯ ಅನುಮಾನಕ್ಕೆ ಮಾತ್ರ ಒಂದು ನಿಜವಾದ ಇತಿಹಾಸ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 1967ರಿಂದ 1972ರ ತನಕ ಅಮೆರಿಕದ ವಾಯುಪಡೆ ವಿಯೆಟ್ನಾಂ ಯುದ್ಧದಲ್ಲಿ 'ಆಪರೇಷನ್ ಪಾಪೈ' ಎಂಬ ಗುಟ್ಟಿನ ಕಾರ್ಯಾಚರಣೆ ನಡೆಸಿತು. ಶತ್ರುಗಳ ಸರಬರಾಜು ದಾರಿ ಕೆಸರಾಗಲಿ ಎಂದು ಮಳೆಗಾಲದಲ್ಲಿ ಮೋಡ ಬಿತ್ತನೆ ಮಾಡಿತು. ಎರಡು ಸಾವಿರಕ್ಕೂ ಹೆಚ್ಚು ಹಾರಾಟ. ಪತ್ರಕರ್ತರು ಗುಟ್ಟು ಹೊರಗೆಳೆದರು, ಅಮೆರಿಕದ ಸಂಸತ್ತಿನಲ್ಲಿ ವಿಚಾರಣೆ ನಡೆಯಿತು. ಪರಿಸರವನ್ನು ಯುದ್ಧದ ಆಯುಧವಾಗಿ ಬಳಸಬಾರದು ಎಂಬ ಅಂತರರಾಷ್ಟ್ರೀಯ ಒಪ್ಪಂದ 1978ರಲ್ಲಿ ಜಾರಿಗೆ ಬಂತು. ಭಾರತವೂ ಅದರಲ್ಲಿದೆ. ಐದು ವರ್ಷ, ಸಾವಿರಾರು ಹಾರಾಟ, ಒಂದು ಮಹಾಶಕ್ತಿಯ ಪೂರ್ತಿ ಬೆಂಬಲ ಇದ್ದೂ ಆ ಕಾರ್ಯಾಚರಣೆಯಿಂದ ಎಷ್ಟು ಹೆಚ್ಚು ಮಳೆ ಬಂತೆಂದು ಖಚಿತವಾಗಿ ತೋರಿಸಲು ಆಗಲಿಲ್ಲ. ಅನುಮಾನ ಪಡುವವರು ಈ ಭಾಗವನ್ನೂ ಓದಬೇಕು.

ಕಾಫಿ ಹೂವು ಉದುರುತ್ತದೆ, ಬಾವಿ ನೀರು ವಿಷವಾಗುತ್ತದೆ ಎಂಬ ಬಾಲವೂ ಕೆಲವು ಫಾರ್ವರ್ಡ್‌ಗಳಿಗೆ ಇರುತ್ತದೆ. ಬಿತ್ತನೆಯ ಮಳೆನೀರಿನಲ್ಲಿ ಸಿಗುವ ಬೆಳ್ಳಿಯ ಅಂಶ, ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತೊಂದರೆಯಿಲ್ಲ ಎನ್ನುವ ಲೀಟರಿಗೆ 0.1 ಮಿಲಿಗ್ರಾಂಗಿಂತ ಬಹಳ ಬಹಳ ಕಡಿಮೆ. ತೋಟಕ್ಕೆ ನಾವೇ ಹೊಡೆಯುವ ಔಷಧಿಯ ಬಗ್ಗೆ ಇದರ ಹತ್ತರಲ್ಲೊಂದು ಭಾಗ ಕಾಳಜಿ ಇದ್ದರೂ ಸಾಕಿತ್ತು.

ತಲೆಯ ಮೇಲೆ ಹಾರಿದ್ದು ಯಾವುದು?

ನೆಲ್ಯಹುದಿಕೇರಿಯ ಮೇಲೆ ವಿಮಾನ ಕಂಡರೆ ಅದು ಬೆಂಗಳೂರಿನಿಂದ ಕಣ್ಣೂರಿಗೋ ಕೋಯಿಕ್ಕೋಡಿಗೋ ಹೋಗುವ ಪ್ರಯಾಣಿಕ ವಿಮಾನ ಆಗಿರುವ ಸಾಧ್ಯತೆಯೇ ಹೆಚ್ಚು. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಆರಂಭವಾದ ಮೇಲೆ ಕೊಡಗಿನ ಆಕಾಶದಲ್ಲಿ ಓಡಾಟ ಹೆಚ್ಚಾಗಿದೆ. ಫೋನಿನಲ್ಲಿ ಫ್ಲೈಟ್‌ರೇಡಾರ್24 ಆ್ಯಪ್ ತೆರೆದರೆ ಬಹುತೇಕ ನಾಗರಿಕ ವಿಮಾನಗಳ ಹೆಸರು, ಎತ್ತರ, ದಾರಿ ಕಾಣುತ್ತದೆ. ಸೇನೆಯ ವಿಮಾನ ಅದರಲ್ಲಿ ಕಾಣದೆ ಇರಬಹುದು, ಕಾಣದ್ದೆಲ್ಲ ಸೇನೆಯದ್ದಲ್ಲ. ಚಿತ್ರದಲ್ಲಿ ವಿಮಾನದ ಬದಿಯ ಅಕ್ಷರ ಓದಲು ಬಂದರೆ ಇನ್ನೂ ಒಳ್ಳೆಯದು. ಭಾರತದಲ್ಲಿ ನೋಂದಾಯಿಸಿದ ನಾಗರಿಕ ವಿಮಾನಕ್ಕೆ 'ವಿಟಿ' ಎಂದು ಶುರುವಾಗುತ್ತದೆ, ಅಮೆರಿಕದ್ದಕ್ಕೆ 'ಎನ್' ಎಂದು. ಬಿತ್ತನೆಗೆ ಬಾಡಿಗೆಗೆ ತರಿಸುವ ವಿಮಾನಗಳು ಕೆಲವೊಮ್ಮೆ ವಿದೇಶಿ ಅಕ್ಷರ ಹೊತ್ತಿರುವುದರಿಂದ 'ಅಮೆರಿಕದ ವಿಮಾನ ಇಲ್ಲೇಕೆ' ಎಂಬ ಗುಲ್ಲು ಏಳುತ್ತದೆ. ಮುಂದೆ ಯಾವ ಸರ್ಕಾರ ಬಿತ್ತನೆ ಮಾಡಿದರೂ ಪ್ರತಿದಿನ ವಿಮಾನ ಎಲ್ಲಿ ಹಾರಿತು, ಎಷ್ಟು ಫ್ಲೇರ್ ಉರಿಸಿತು ಎಂಬ ನಕ್ಷೆಯನ್ನು ಅದೇ ಸಂಜೆ ಕನ್ನಡದಲ್ಲಿ ಜನರ ಮುಂದಿಡಬೇಕು. ಗಾಳಿಸುದ್ದಿಗೆ ಅದಕ್ಕಿಂತ ಅಗ್ಗದ ಮದ್ದಿಲ್ಲ.

ಹಾಗಾದರೆ 2019ರಲ್ಲಿ ನೆಲ್ಯಹುದಿಕೇರಿಗೆ ಬಂದ ನೀರು ಎಲ್ಲಿಯದು? ತಲಕಾವೇರಿ, ಭಾಗಮಂಡಲ, ನಾಪೋಕ್ಲು ಕಡೆ ಸುರಿದದ್ದು. ವಿಮಾನದ ಫಾರ್ವರ್ಡ್‌ನ ಜೊತೆಗೇ ಓಡಾಡುವ 'ಹಾರಂಗಿ ಗೇಟ್ ತೆಗೆದದ್ದಕ್ಕೆ ಮುಳುಗಿತು' ಎಂಬ ಮಾತೂ ಇಲ್ಲಿಗೆ ಹೊಂದುವುದಿಲ್ಲ. ಹಾರಂಗಿ ಹೊಳೆ ಕಾವೇರಿಯನ್ನು ಸೇರುವುದು ಕೂಡಿಗೆಯ ಬಳಿ, ನೆಲ್ಯಹುದಿಕೇರಿಯನ್ನು ದಾಟಿ ಕಾವೇರಿ ಬಹಳ ದೂರ ಹರಿದ ಮೇಲೆ. ಕುಶಾಲನಗರದ ಕೆಳಗಿನವರು ಹಾರಂಗಿಯ ಗೇಟಿನ ಮೇಲೆ ಕಣ್ಣಿಡಬೇಕು ನಿಜ. ನೆಲ್ಯಹುದಿಕೇರಿಯ ಮೇಲ್ಗಡೆ ಕಾವೇರಿಗೆ ದೊಡ್ಡ ಅಣೆಕಟ್ಟೇ ಇಲ್ಲ. ಮೇಲೆ ಬಿದ್ದದ್ದು ನೇರವಾಗಿ ಕೆಳಗೆ ಬರುತ್ತದೆ.

ಬಂದ ನೀರಿಗೆ ಸಿಕ್ಕಿದ್ದು ಹೊಳೆಗೆ ಅಂಟಿಕೊಂಡ ಮನೆಗಳು. ಅಲ್ಲಿ ಮನೆ ಕಟ್ಟಿದವರಿಗೆ ಹೊಳೆಯ ಭಯ ಇರಲಿಲ್ಲವೆಂದಲ್ಲ, ಬೇರೆ ಜಾಗ ಇರಲಿಲ್ಲ. ಸುತ್ತ ಕಾಫಿ ತೋಟ, ಅದರಾಚೆ ಕಾಡು. ಕೂಲಿಯವರ ಪಾಲಿಗೆ ಉಳಿದದ್ದು ದಡದ ತುಂಡು ನೆಲ. ನೆರೆಯ ನಂತರ ಸಂತ್ರಸ್ತರಿಗೆ ಅಭ್ಯತ್‌ಮಂಗಲದಲ್ಲಿ ಜಾಗ ಕೊಡುವ ಮಾತು ಬಂತು. ನಿವೇಶನ, ಹಕ್ಕುಪತ್ರ, ತಡೆಗೋಡೆಗಾಗಿ ಅಲೆದವರ ಸುದ್ದಿ ವಿಮಾನದ ಚಿತ್ರದಷ್ಟು ಓಡಲಿಲ್ಲ. ಆಕಾಶದಲ್ಲಿ ಅಪರಾಧಿ ಸಿಕ್ಕಿಬಿಟ್ಟರೆ ಹೊಳೆದಂಡೆಯ ಜಾಗದ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ತಹಶೀಲ್ದಾರರ ಕಚೇರಿಯಲ್ಲಿ ವಿಮಾನದ ಚಿತ್ರ ತೋರಿಸಿ ನಿವೇಶನ ಪಡೆಯಲೂ ಆಗುವುದಿಲ್ಲ.

ಜೋರು ಮಳೆಯ ರಾತ್ರಿ ನಿಮ್ಮ ಗ್ರೂಪ್‌ನಲ್ಲಿ ಓಡಬೇಕಾದ ಸುದ್ದಿ ಬೇರೆಯೇ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಭಾಗಮಂಡಲ, ನಾಪೋಕ್ಲುವಿನ ಅಂಕಿ ಅಲ್ಲಿ ಸಿಗುತ್ತದೆ. ಅಂಕಿ ಬೇಡವಾದರೆ ಅಲ್ಲಿರುವ ನೆಂಟರಿಗೆ ಒಂದು ಫೋನ್ ಮಾಡಿ. ಭಾಗಮಂಡಲದಲ್ಲಿ ತ್ರಿವೇಣಿ ಸಂಗಮ ಮುಳುಗಿ ನಾಪೋಕ್ಲು ರಸ್ತೆಯ ಮೇಲೆ ನೀರು ಬಂದಿದೆ ಎಂದು ಅವರು ಹೇಳಿದರೆ, ಅದೇ ನೀರು ಬೆಟ್ಟದಕಾಡಿಗೂ ಬರುತ್ತದೆ. ಮಕ್ಕಳು, ವಯಸ್ಸಾದವರು, ಹಸು, ರೇಷನ್ ಕಾರ್ಡು, ಆಧಾರು ಕಾರ್ಡು ಇವನ್ನೆಲ್ಲ ಮೇಲಿನ ಜಾಗಕ್ಕೆ ಸಾಗಿಸಲು ಸಮಯ ಇರುವುದು ಆ ಫೋನ್ ಕರೆಗೂ ನೀರು ಬರುವುದಕ್ಕೂ ನಡುವೆ.